ಗ್ಲುರ್ನ್ಸ್‌ನಲ್ಲಿ ಎರಡು ರಾತ್ರಿ ಉಳಿಯೋದು ದಡ್ಡತನವಾ?

ತೀರ್ಥಹಳ್ಳಿ_ಟು_ಮ್ಯೂನಿಕ್
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಮೂರು ವಾರಕ್ಕೆ ಬರುತ್ತಿದ್ದಾರೆ. ಹೋದ ಸಲ ಸ್ವಿಟ್ಜರ್ಲೆಂಡಿನ ಟಿಟ್ಲಿಸ್, ಯುಂಗ್‌ಫ್ರಾವ್ ಬೆಟ್ಟ ಎಲ್ಲ ತೋರಿಸಿ ಆಗಿದೆ. ಅಪ್ಪ ಹಿಮ ನೋಡಿದ್ದು ಹತ್ತು ನಿಮಿಷ, ಕ್ಯೂನಲ್ಲಿ ನಿಂತಿದ್ದು ಎರಡು ಗಂಟೆ. "ಇನ್ನೊಂದ್ಸಲ ಇಂಥ ಕಡೆ ಕರ್ಕೊಂಡು ಹೋಗ್ಬೇಡ ಮಾರಾಯ" ಅಂತ ಅಲ್ಲೇ ಹೇಳಿಬಿಟ್ಟರು.

ಅದಕ್ಕೆ ಈ ಸಲ ಯಾವುದಾದರೂ ಸಣ್ಣ ಹಳೇ ಊರಲ್ಲಿ ಸುಮ್ನೆ ಕೂತು ಬರೋಣ ಅಂತ ಇದ್ದೇನೆ. ಇಟಲಿಯ ದಕ್ಷಿಣ ಟಿರೋಲ್‌ನಲ್ಲಿ, ಫಿನ್ಶ್‌ಗೌ ಕಣಿವೆಯಲ್ಲಿ ಗ್ಲುರ್ನ್ಸ್ ಅಂತ ಒಂದು ಊರಿದೆ. ಇಟಾಲಿಯನ್‌ನಲ್ಲಿ ಗ್ಲೊರೆನ್ಸಾ. ಸುತ್ತ ಪೂರ್ತಿ ಕೋಟೆಗೋಡೆ, ಎಲ್ಲ ಸೇರಿ ಸುಮಾರು 900 ಜನ. ಎರಡು ರಾತ್ರಿಗೆ ರೂಮ್ ನೋಡಿಟ್ಟಿದ್ದೇನೆ. ಆದರೆ ಆಫೀಸಿನ ಜರ್ಮನ್ ಗೆಳೆಯ "ಅಲ್ಲಿ ಅರ್ಧ ಗಂಟೆ ಸಾಕು, ಕಾಫಿ ಕುಡಿದು ಮುಂದೆ ಹೋಗು" ಅಂದ. ಹೌದಾ?

ಅಮ್ಮನಿಗೆ ಮಂಡಿನೋವು. ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಾರು ಬೇಡ, ಬಸ್ಸು ರೈಲಲ್ಲೇ ಆಗಬೇಕು. ಹೋಗಿ ಬಂದವರು ಹೇಳಿ.

ಬಸವಳಿದ_ಬ್ಯಾಗು
ನಿಮ್ಮ ಗೆಳೆಯ ಹೇಳಿದ್ದು ಸರಿ. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ನಡೆದರೆ ಐದು ನಿಮಿಷ. ನಾವು ಸ್ಟೆಲ್ವಿಯೋ ಘಾಟಿಗೆ ಹೋಗುವಾಗ ನಿಲ್ಲಿಸಿದ್ವಿ. ಐಸ್‌ಕ್ರೀಂ ತಿಂದ್ವಿ, ಹೊರಟ್ವಿ.

ಜಯನಗರದ_ಜೂರಿಕ್
ಐಸ್‌ಕ್ರೀಂ ತಿನ್ನೋಕೆ ಅರ್ಧ ಗಂಟೆ ಜಾಸ್ತೀನೇ ಆಯ್ತು ಬಿಡಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಿಮ್ಮ ಹಾಗೇ ಮಧ್ಯಾಹ್ನ. ಚೌಕದ ತುಂಬ ಬೈಕಿನವರು, ಸೈಕಲ್ಲಿನವರು, ಕೂರೋಕೆ ಜಾಗ ಇಲ್ಲ. ಎರಡನೇ ಸಲ ರಾತ್ರಿ ಉಳಿದೆವು. ಸಂಜೆ ಆರರ ಮೇಲೆ ಅವರೆಲ್ಲ ಹೊರಟುಹೋದ ಮೇಲೆ ಅದು ಬೇರೆಯದೇ ಊರು. ಕಾರಂಜಿಯ ನೀರು ಬೀಳೋ ಸದ್ದು, ಯಾರದೋ ಮನೆಯ ಪಾತ್ರೆ ಸದ್ದು, ಅಷ್ಟೇ. ಲೌಬೆನ್ ಅಂತ ಕಮಾನಿನ ಜಗಲಿ ಬೀದಿ ಒಂದಿದೆ. ಕಮಾನುಗಳು ಎಷ್ಟು ತಗ್ಗು ಅಂದರೆ ನಮ್ಮ ಯಜಮಾನರು ಎರಡು ದಿನದಲ್ಲಿ ಮೂರು ಸಲ ತಲೆ ಹೊಡೆಸಿಕೊಂಡರು. ಹಿಂದೆ ಅಲ್ಲಿ ಅಂಗಡಿಸಾಲು ಇತ್ತು. ಆಸ್ಟ್ರಿಯಾದ ಹಾಲ್ ಅನ್ನೋ ಊರಿನ ಕಡೆಯಿಂದ ಉಪ್ಪು ಈ ದಾರಿಯಲ್ಲೇ ಬರುತ್ತಿತ್ತು.

ಕೋಟೆ ಕತೆ ಗೊತ್ತಿದ್ದರೆ ನೋಡೋಕೆ ಇನ್ನೂ ಚೆನ್ನ. 1499ರಲ್ಲಿ ಊರಿನ ಹತ್ತಿರದ ಕಾಲ್ವೆನ್ ಎಂಬಲ್ಲಿ ಯುದ್ಧ ಆಯಿತು. ಒಂದು ಕಡೆ ಹಾಬ್ಸ್‌ಬರ್ಗ್ ಪಡೆ, ಇನ್ನೊಂದು ಕಡೆ ಈಗಿನ ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್‌ನ ರೈತರು. ರೈತರು ಗೆದ್ದರು, ಗ್ಲುರ್ನ್ಸ್‌ಗೆ ಬೆಂಕಿ ಇಟ್ಟರು. ಆಮೇಲೆ ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ ಇಡೀ ಊರನ್ನು ಹೊಸದಾಗಿ ಕಟ್ಟಿಸೋಕೆ ಹೊರಟ. ನಕ್ಷೆ ಹಾಕಿದವನು ಯೋರ್ಗ್ ಕೋಲ್ಡರರ್. ಗೋಡೆ ಮುಗಿದದ್ದು ಸುಮಾರು 1580ಕ್ಕೆ. ಅಷ್ಟು ಹೊತ್ತಿಗೆ ಫಿರಂಗಿಗಳು ಬಂದಾಗಿತ್ತು, ವ್ಯಾಪಾರದ ದಾರಿಯೂ ಬದಲಾಗಿತ್ತು. ಗೋಡೆಗೆ ಕೆಲಸವೇ ಸಿಗಲಿಲ್ಲ. ಊರು ಬೆಳೆಯಲಿಲ್ಲ, ಗೋಡೆ ಒಡೆಯೋಕೆ ದುಡ್ಡೂ ಇರಲಿಲ್ಲ ಅನ್ಸುತ್ತೆ, ಹಾಗಾಗಿ ಮೂರು ಬಾಗಿಲ ಸಮೇತ ಇವತ್ತಿಗೂ ಉಳಿದಿದೆ.

ಬಸವಳಿದ_ಬ್ಯಾಗು
ಬಡತನದಿಂದ ಉಳಿದ ಊರು ಅನ್ನಿ.

ಜಯನಗರದ_ಜೂರಿಕ್
ಹೌದು ಹಾಗೇ. ತಪ್ಪೇನಿದೆ?

ಅಂಕಿಅಂಶ_ಅಣ್ಣ
ಒಂದು ತಿದ್ದುಪಡಿ. ಎಲ್ಲ ಕಡೆ "ಆಲ್ಪ್ಸ್‌ನ ಅತಿ ಸಣ್ಣ ಪಟ್ಟಣ" ಅಂತ ಬರೀತಾರೆ. ಆಸ್ಟ್ರಿಯಾ ಟಿರೋಲ್‌ನ ರಾಟನ್‌ಬರ್ಗ್‌ನಲ್ಲಿ ಇರೋದೇ 400ರ ಆಸುಪಾಸು ಜನ. ಇಡೀ ಊರಿನ ವಿಸ್ತೀರ್ಣ 0.11 ಚದರ ಕಿಲೋಮೀಟರ್. ಅದಕ್ಕೂ ಪಟ್ಟಣದ ಹಕ್ಕು ಇದೆ. ಗ್ಲುರ್ನ್ಸ್‌ನವರು "ದಕ್ಷಿಣ ಟಿರೋಲ್‌ನ ಅತಿ ಸಣ್ಣ ಪಟ್ಟಣ" ಅಂದುಕೊಂಡರೆ ಜಗಳ ಇಲ್ಲ.

ರೊಟ್ಟಿ_ಪ್ರಿಯೆ
ಅಣ್ಣ ಟೇಪ್ ಹಿಡ್ಕೊಂಡೇ ಪ್ರವಾಸ ಹೋಗ್ತಾರೆ.

ಕೋರ್ಟು_ಕಚೇರಿ
ಇಲಿ ಕೇಸ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ನಾನು ವಕೀಲ. ಈ ಊರಿನ ಹೆಸರು ನನಗೆ ಗೊತ್ತಾಗಿದ್ದೇ ಅದರಿಂದ.

1519ರಲ್ಲಿ ಪಕ್ಕದ ಸ್ಟಿಲ್ಫ್ಸ್ ಹಳ್ಳಿಯ ರೈತರು ಗ್ಲುರ್ನ್ಸ್ ನ್ಯಾಯಾಲಯಕ್ಕೆ ದೂರು ಕೊಟ್ಟರು. ಹೊಲದ ಇಲಿಗಳು ನೆಲ ಕೊರೆದು ಹುಲ್ಲು ಬೆಳೆಯದಂತೆ ಮಾಡಿವೆ, ನಾವು ಗೇಣಿ ಕಟ್ಟೋದು ಹೇಗೆ ಅಂತ. ನ್ಯಾಯಾಧೀಶರು ಇಲಿಗಳ ಪರ ವಾದಿಸೋಕೂ ಒಬ್ಬರನ್ನು ನೇಮಿಸಿದರು. ಸಾಕ್ಷಿಗಳ ವಿಚಾರಣೆ ಆಯಿತು. 1520ರಲ್ಲಿ ತೀರ್ಪು: ಇಲಿಗಳು 14 ದಿನದೊಳಗೆ ಜಾಗ ಖಾಲಿ ಮಾಡಬೇಕು. ಆದರೆ ಬಸುರಿ ಇಲಿಗಳಿಗೂ ಓಡಾಡಲಾಗದ ಮರಿಗಳಿಗೂ ಇನ್ನೂ 14 ದಿನ ಅವಕಾಶ, ದಾರಿಯಲ್ಲಿ ಯಾರೂ ತೊಂದರೆ ಕೊಡಬಾರದು.

ಕಕ್ಷಿದಾರ ಹಾಜರಾಗದೆ ಇದ್ದರೂ ಇಷ್ಟು ಒಳ್ಳೆ ತೀರ್ಪು ತಂದುಕೊಟ್ಟ ವಕೀಲನಿಗೆ ನನ್ನ ನಮಸ್ಕಾರ.

ಗುಡ್ಡದ_ಮನೆ
ಸಮನ್ಸ್ ಯಾರ ಕೈಲಿ ಕಳ್ಸಿದ್ರು? ಬೆಕ್ಕಿನ ಕೈಲಾ?

ಮಂಗನ_ಕಾಟ
ವಕೀಲರೇ, ನಮ್ಮ ಅಡಿಕೆ ತೋಟದ ಮಂಗಗಳ ಮೇಲೆ ಇಂಥದ್ದೊಂದು ಕೇಸ್ ಹಾಕಬಹುದಾ? 14 ದಿನ ಏನು, 14 ತಿಂಗಳು ಕೊಡ್ತೀನಿ. ಹೋದರೆ ಸಾಕು.

ಕೋರ್ಟು_ಕಚೇರಿ
ಫೀಸ್ ಯಾರು ಕೊಡ್ತಾರೆ ಅನ್ನೋದರ ಮೇಲೆ ನಿರ್ಧಾರ.

ಬಸ್ಸಿನ_ಕಿಟಕಿ
ಮೂಲ ಪ್ರಶ್ನೆಗೆ ಬರ್ತೀನಿ, ಪಾಪ ಕಾಯ್ತಿದ್ದಾರೆ.

ಮ್ಯೂನಿಕ್‌ನಿಂದ ಎರಡು ದಾರಿ. ಒಂದು, ಇನ್ಸ್‌ಬ್ರುಕ್ ಮೇಲೆ ಲಾಂಡೆಕ್‌ವರೆಗೆ ರೈಲು, ಅಲ್ಲಿಂದ ಬಸ್ಸಲ್ಲಿ ರೆಶೆನ್ ಘಾಟಿ ಹತ್ತಿ ಗ್ಲುರ್ನ್ಸ್ ಪಕ್ಕದ ಊರು ಮಾಲ್ಸ್. ನಡುವೆ ಬಸ್ಸು ಬದಲಿಸಬೇಕಾಗಬಹುದು. ಇನ್ನೊಂದು, ಬ್ರೆನ್ನರ್ ದಾಟಿ ಬೋಲ್ಜಾನೊ, ಮೆರಾನೊ, ಅಲ್ಲಿಂದ ಫಿನ್ಶ್‌ಗೌ ರೈಲಿನಲ್ಲಿ ಮಾಲ್ಸ್. ಎರಡನೆಯದು ಸುತ್ತು, ಆದರೆ ಹಿರಿಯರಿಗೆ ಅದೇ ವಾಸಿ. ಬಸ್ಸಿನ ತಿರುವು ಕಮ್ಮಿ.

ಆ ರೈಲಿಗೂ ಒಂದು ಕತೆ ಇದೆ. 1906ರಲ್ಲಿ ಶುರುವಾಗಿತ್ತು. ಇಟಲಿ ರೈಲ್ವೆಯವರು ಲಾಭ ಇಲ್ಲ ಅಂತ 1990ರಲ್ಲಿ ನಿಲ್ಲಿಸಿದರು. ಪ್ರಾಂತದವರು ತಾವೇ ವಹಿಸಿಕೊಂಡು 2005ರಲ್ಲಿ ಮತ್ತೆ ಓಡಿಸಿದರು. ಆಮೇಲೆ ವಿದ್ಯುದೀಕರಣದ ಕೆಲಸ ಹಿಡಿದರು, ಹಾಗಾಗಿ ಕೆಲವು ಭಾಗದಲ್ಲಿ ರೈಲಿನ ಬದಲು ಬಸ್ಸು ಇರಬಹುದು. ಟಿಕೆಟ್ ಮಾಡೋ ಮುಂಚೆ ವೇಳಾಪಟ್ಟಿ ನೋಡಿ. ಮಾಲ್ಸ್‌ನಿಂದ ಗ್ಲುರ್ನ್ಸ್ ಬಸ್ಸಲ್ಲಿ ಕೆಲವೇ ನಿಮಿಷ.

ರೂಮ್ ಬುಕ್ ಮಾಡುವಾಗ ಗೆಸ್ಟ್ ಪಾಸ್ ಕೊಡ್ತೀರಾ ಅಂತ ಕೇಳಿ. ಅದಿದ್ದರೆ ದಕ್ಷಿಣ ಟಿರೋಲ್‌ನ ಬಸ್ಸು, ಪ್ರಾದೇಶಿಕ ರೈಲು ಫ್ರೀ. ಮತ್ತೆ ಒಂದು ಮುಖ್ಯ ಮಾತು: ಒಳಗಿನ ಬೀದಿಗಳೆಲ್ಲ ಉರುಟುಕಲ್ಲಿನ ಹಾಸು. ಅಮ್ಮನಿಗೆ ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ.

ತೀರ್ಥಹಳ್ಳಿ_ಟು_ಮ್ಯೂನಿಕ್
ಅಮ್ಮನಿಗೆ ಶೂ ಹಾಕಿಸೋದು ಆಲ್ಪ್ಸ್ ಹತ್ತೋದಕ್ಕಿಂತ ಕಷ್ಟ. ನೋಡ್ತೀನಿ. ಊಟದ್ದು ಯಾರಾದರೂ ಹೇಳಿ.

ರೊಟ್ಟಿ_ಪ್ರಿಯೆ
ಊಟ ನನ್ನ ಇಲಾಖೆ.

ಶ್ಲುಟ್ಸ್‌ಕ್ರಾಪ್‌ಫೆನ್ ಅಂತ ಸಿಗುತ್ತೆ. ನಮ್ಮ ಕರಿಗಡುಬನ್ನು ಬೇಯಿಸಿದರೆ ಹೇಗಿರುತ್ತೋ ಹಾಗೆ, ಅರ್ಧಚಂದ್ರ ಆಕಾರ, ಒಳಗೆ ಪಾಲಕ್ ಮತ್ತು ಚೀಸ್. ಮೇಲೆ ಬಿಸಿ ಬೆಣ್ಣೆ. ಪಾಲಕ್ ಕ್ನೋಡೆಲ್ ಕೂಡ ಇದೆ, ಹಳೇ ಬ್ರೆಡ್ಡಿನ ಉಂಡೆ.

ಆದರೆ ನಿಮ್ಮ ಅಪ್ಪ ಅಮ್ಮನಿಗೆ ಖುಷಿ ಕೊಡೋದು ಬ್ರೆಡ್. ಫಿನ್ಶ್‌ಗರ್ ಪಾರ್ಲ್ ಅಂತಾರೆ. ರೈ ಹಿಟ್ಟಿನ ಎರಡು ಚಪ್ಪಟೆ ಬ್ರೆಡ್ ಅಂಟಿಕೊಂಡ ಹಾಗೆ ಸುಟ್ಟಿರುತ್ತಾರೆ. ಪಾರ್ಲ್ ಅಂದರೆ ಜೋಡಿ. ಬೇಕರಿ ಬಾಗಿಲು ತೆಗೆದ ಕೂಡಲೇ ಬರೋ ವಾಸನೆ ಇದೆಯಲ್ಲ, ನಾನು ಒಂದು ಕ್ಷಣ ಬೆಪ್ಪಾಗಿ ನಿಂತೆ. ಮೆಂತ್ಯ! ನಮ್ಮ ಮೆಂತ್ಯವೇ ಅಲ್ಲ, ಅದರ ದಾಯಾದಿ. ನೀಲಿ ಹೂವಿನ ಮೆಂತ್ಯ. ಅದರ ಒಣಗಿದ ಎಲೆ, ಹೂವು ಪುಡಿ ಮಾಡಿ ಹಿಟ್ಟಿಗೆ ಹಾಕ್ತಾರೆ. ಜೊತೆಗೆ ಸೋಂಪು.

ಮೊಟ್ಟೆ_ಡಿಟೆಕ್ಟಿವ್
ಹುಷಾರು. ಕ್ನೋಡೆಲ್‌ನಲ್ಲಿ ಮೊಟ್ಟೆ ಗ್ಯಾರಂಟಿ. ಕಡುಬಿನ ಹಿಟ್ಟಲ್ಲೂ ಸಾಮಾನ್ಯವಾಗಿ ಹಾಕ್ತಾರೆ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿಯೇ ಲೆಕ್ಕ. ನಮ್ಮ ಅತ್ತೆ ಅರ್ಧ ತಿಂದ ಮೇಲೆ ನನಗೆ ಗೊತ್ತಾಯ್ತು. ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಸಾರಿನಂತಿರೋ ಸೂಪ್‌ಗಳಲ್ಲೂ ಹಂದಿಮಾಂಸದ ಸ್ಪೆಕ್ ಚೂರು ಇರಬಹುದು. "ಓನೆ ಐ, ಓನೆ ಸ್ಪೆಕ್" (ಮೊಟ್ಟೆ ಇಲ್ಲದೆ, ಸ್ಪೆಕ್ ಇಲ್ಲದೆ) ಅಂತ ಬಾಯಿಪಾಠ ಮಾಡಿಸಿ.

ನಿಮ್ಮ ಅಮ್ಮನಿಗೆ ಅಡುಗೆಮನೆ ಇರೋ ರೂಮೇ ತಗೊಳ್ಳಿ. ಅಕ್ಕಿ, ಬೇಳೆ, ಸಾರಿನಪುಡಿ ಸಾಕು.

ರೊಟ್ಟಿ_ಪ್ರಿಯೆ
ಒಪ್ಪಿದೆ, ಮೊಟ್ಟೆ ವಿಷಯ ನಾನು ಮರೆತೆ. ನಾನು ತಿಂತೀನಿ ಅಲ್ವಾ.

ಕಾಲುವೆ_ಪಾಳಿ
ನಡೆದಾಡೋಕೆ ವಾಲ್ ದಾರಿಗಳನ್ನು ನೋಡಿ. ಈ ಕಣಿವೆ ಮಳೆನೆರಳಿನಲ್ಲಿದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ತೀರ್ಥಹಳ್ಳಿಯವರಿಗೆ ಅದು ಜುಲೈನ ಒಂದೆರಡು ವಾರ! ಅದಕ್ಕೇ ನೂರಾರು ವರ್ಷದಿಂದ ಹಿಮನದಿಯ ನೀರನ್ನು ಬೆಟ್ಟದ ಮಗ್ಗುಲಲ್ಲಿ ಸಣ್ಣ ಕಾಲುವೆ ತೋಡಿ ತರ್ತಾರೆ. ಅದೇ ವಾಲ್. ಕಾಲುವೆ ಪಕ್ಕದಲ್ಲೇ ಕಾಲುದಾರಿ. ನೀರು ನಿಧಾನ ಹರಿಯಬೇಕಲ್ಲ, ಹಾಗಾಗಿ ಹೆಚ್ಚಿನ ಕಡೆ ದಾರಿಯೂ ಸಪಾಟು. ಕಾಲುವೆಗೆ ಹತ್ತೋವರೆಗೆ ಮಾತ್ರ ಸ್ವಲ್ಪ ಏರು.

ಯಾರ ಹೊಲಕ್ಕೆ ಯಾವಾಗ ನೀರು ಅನ್ನೋದಕ್ಕೆ ಪಾಳಿ ಇತ್ತು, ನೋಡಿಕೊಳ್ಳೋಕೆ ಒಬ್ಬ ಕಾವಲುಗಾರ. ನಮ್ಮ ನೀರುಗಂಟಿ ಇದ್ದ ಹಾಗೆ. ಕೆಲವು ಕಡೆ ನೀರಲ್ಲಿ ಸಣ್ಣ ಮರದ ಚಕ್ರ ಇಟ್ಟಿರ್ತಾರೆ. ಚಕ್ರ ತಿರುಗಿದಾಗೆಲ್ಲ ಒಂದು ಸುತ್ತಿಗೆ ಗಂಟೆಗೆ ಹೊಡೆಯುತ್ತೆ. ಟಂಗ್, ಟಂಗ್ ಅಂತ ಕೇಳ್ತಾ ಇದ್ದರೆ ಕಾವಲುಗಾರ ಮಲಗಬಹುದು. ಸದ್ದು ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಅಂತ ಅರ್ಥ, ಎದ್ದು ಓಡಬೇಕು. ನಮ್ಮ ಅಜ್ಜ ಕೇಳಿದ್ದರೆ ಮರುದಿನವೇ ತೋಟದಲ್ಲಿ ಒಂದು ಕಟ್ಟಿಸ್ತಿದ್ದರು.

ಹಸಿರು_ಮೆಣಸು
ಕಣಿವೆ ತುಂಬ ಸೇಬಿನ ತೋಟ, ನೋಡೋಕೆ ಚೆಂದ. ಆದರೆ ಸಿಂಪಡಣೆ ವಾಸನೆ ಬಗ್ಗೆ ಯಾರೂ ಬರೆಯಲ್ಲ. 2014ರಲ್ಲಿ ಇದೇ ಮಾಲ್ಸ್‌ನಲ್ಲಿ ಕೀಟನಾಶಕ ಬೇಡ ಅಂತ ಜನಮತ ನಡೀತು. ಓಟು ಹಾಕಿದವರಲ್ಲಿ ಸುಮಾರು ಮುಕ್ಕಾಲು ಪಾಲು ಬೇಡ ಅಂದರು. ಆಮೇಲೆ ಅದು ಕೋರ್ಟು ಮೆಟ್ಟಿಲು ಹತ್ತಿತು.

ಬಸವಳಿದ_ಬ್ಯಾಗು
ರಜೆಗೆ ಹೋಗೋರಿಗೆ ಇದೆಲ್ಲ ಯಾಕೆ ಸ್ವಾಮಿ? ಸೀದಾ ರೆಶೆನ್ ಕೆರೆಗೆ ಹೋಗಿ, ನೀರಲ್ಲಿ ಮುಳುಗಿರೋ ಚರ್ಚ್ ಗೋಪುರದ ಮುಂದೆ ಫೋಟೋ ತೆಗೆಸಿ. ಸಖತ್ ಜಾಗ. ನಮ್ಮ ಹಾಸನದ ಶೆಟ್ಟಿಹಳ್ಳಿ ಚರ್ಚ್ ಥರ.

ಶರಾವತಿ_ಸಂತಾನ
ಸಖತ್ ಜಾಗ ಅನ್ನೋ ಮುಂಚೆ ಅದು ಏನು ಅಂತ ತಿಳ್ಕೊಳ್ಳಿ. ಅದು ಗ್ರೌನ್ ಅನ್ನೋ ಊರು. ವಿದ್ಯುತ್ ಯೋಜನೆಗೆ ಎರಡು ಕೆರೆ ಸೇರಿಸಿ ಅಣೆಕಟ್ಟು ಕಟ್ಟಿ 1950ರಲ್ಲಿ ಮುಳುಗಿಸಿದರು. 163 ಮನೆ, 500 ಹೆಕ್ಟೇರಿಗಿಂತ ಜಾಸ್ತಿ ಜಮೀನು. ಚರ್ಚನ್ನು ಒಡೆದರು, 14ನೇ ಶತಮಾನದ ಗೋಪುರವನ್ನು ಮಾತ್ರ ಬಿಟ್ಟರು. ಚಳಿಗಾಲದಲ್ಲಿ ಈಗಲೂ ಗಂಟೆ ಕೇಳುತ್ತೆ ಅಂತ ಜನ ಕತೆ ಹೇಳ್ತಾರೆ. ನೀರು ತುಂಬೋ ಮುಂಚೆಯೇ ಗಂಟೆ ಇಳಿಸಿ ಆಗಿತ್ತು. 2021ರಲ್ಲಿ ದುರಸ್ತಿಗೆ ನೀರು ಇಳಿಸಿದಾಗ ಮನೆಗಳ ಪಾಯ, ಮೆಟ್ಟಿಲು ಎಲ್ಲ ಕಾಣಿಸಿತ್ತು.

ನಮ್ಮಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಹೋಗಿ ನೋಡಿ ಬರ್ತಾರೆ. ಅಲ್ಲೂ ಈಗ ಡ್ರೋನ್ ಹಿಡ್ಕೊಂಡು ಬರ್ತಾರೆ ಜನ.

ಬಸವಳಿದ_ಬ್ಯಾಗು
ಬೇಜಾರು ಮಾಡ್ಕೋಬೇಡಿ. ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಆದರೆ ಫೋಟೋ ತೆಗೆಯೋದೇ ತಪ್ಪು ಅಂದರೆ ಹಂಪೀಲೂ ತೆಗೆಯೋ ಹಾಗಿಲ್ಲ.

ಶರಾವತಿ_ಸಂತಾನ
ಹಂಪಿ ಬಿಟ್ಟು ಹೋದವರ ಮೊಮ್ಮಕ್ಕಳು ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡು ಕೂತಿಲ್ಲ. ಗ್ರೌನ್‌ನವರು ಕೂತಿದ್ದಾರೆ. ಕೆರೆ ದಂಡೆಯ ಮೇಲೇ ಹೊಸ ಊರು ಕಟ್ಟಿದ್ದಾರೆ. ತೆಗೀರಿ ಫೋಟೋ, ನಾನೂ ತೆಗೆದೆ. ಸುಮ್ನೆ ಸಖತ್ ಅನ್ನಬೇಡಿ ಅಷ್ಟೇ.

ಜಯನಗರದ_ಜೂರಿಕ್
ಇಬ್ಬರೂ ಸರಿ. ಮುಂದಕ್ಕೆ ಹೋಗೋಣ.

ಗ್ಲುರ್ನ್ಸ್‌ನಲ್ಲಿ ಉಳಿದರೆ ಅರ್ಧ ದಿನ ಮ್ಯೂಸ್ಟೈರ್‌ಗೆ ಕೊಡಿ. ಗಡಿ ದಾಟಿದರೆ ಸ್ವಿಟ್ಜರ್ಲೆಂಡ್, ಬಸ್ ಇದೆ. ಅಲ್ಲಿ ಸೇಂಟ್ ಜಾನ್ ಮಠ. ಸುಮಾರು 800ರ ಕಾಲದ ಗೋಡೆಚಿತ್ರಗಳು. 1983ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದಕ್ಕಿಂತ ನನಗೆ ಹಿಡಿಸಿದ್ದು ಅದು ಇನ್ನೂ ಮಠವಾಗಿಯೇ ಇರೋದು, ಸನ್ಯಾಸಿನಿಯರು ಈಗಲೂ ವಾಸವಾಗಿದ್ದಾರೆ. ಅಮ್ಮ ಬೆಂಚಿನ ಮೇಲೆ ಕೂತು ನೋಡಬಹುದು.

ಪಾಸ್‌ಪೋರ್ಟ್_ಪಾಂಡು
ಸ್ವಿಟ್ಜರ್ಲೆಂಡ್‌ಗೆ ಬೇರೆ ವೀಸಾ ಬೇಡವಾ?

ಅಂಕಿಅಂಶ_ಅಣ್ಣ
ಬೇಡ. 2008ರಿಂದ ಅದೂ ಶೆಂಗೆನ್‌ನಲ್ಲಿದೆ, ಅಂದರೆ ಒಂದೇ ವೀಸಾ ನಡೆಯೋ ದೇಶಗಳ ಗುಂಪಲ್ಲಿ. ಪಾಸ್‌ಪೋರ್ಟ್ ಮಾತ್ರ ಜೇಬಲ್ಲಿರಲಿ.

ಗುಡ್ಡದ_ಮನೆ
ವೀಸಾ ಬೇಡ, ಆದರೆ ಮೊಬೈಲ್! ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಬಸ್ಸು ಗಡಿ ದಾಟಿದ ಕೂಡಲೇ ನನ್ನ ಫೋನು ಸ್ವಿಸ್ ಸಿಗ್ನಲ್ ಹಿಡಿಯಿತು. ಮಗ ಹಿಂದಿನ ಸೀಟಲ್ಲಿ ನನ್ನ ಹಾಟ್‌ಸ್ಪಾಟ್‌ನಲ್ಲಿ ವಿಡಿಯೋ ನೋಡ್ತಿದ್ದ. ಮಠ ನೋಡೋಕೆ ಕೊಟ್ಟಿದ್ದಕ್ಕಿಂತ ಬಿಲ್ಲು ಎಷ್ಟೋ ಪಟ್ಟು ಬಂತು. ರೋಮಿಂಗ್ ಆಫ್ ಮಾಡಿ ಹತ್ತಿ. ಊಟನೂ ಇಟಲಿ ಕಡೆ ಮುಗಿಸಿ ಹೋಗಿ.

ಕಸ್ತೂರಿ_ಕನ್ನಡ
ನನಗೆ ಆ ಕಡೆ ಇಷ್ಟವಾಗಿದ್ದು ಬೋರ್ಡುಗಳು. ಎಲ್ಲ ಊರಿಗೂ ಎರಡು ಹೆಸರು, ಜರ್ಮನ್ ಮತ್ತು ಇಟಾಲಿಯನ್. ಮೊದಲ ಮಹಾಯುದ್ಧದ ಮೇಲೆ ಈ ನಾಡು ಆಸ್ಟ್ರಿಯಾದಿಂದ ಇಟಲಿಗೆ ಹೋಯ್ತು. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆ ಮುಚ್ಚಿಸಿ, ಊರಿನ ಹೆಸರನ್ನೆಲ್ಲ ಇಟಾಲಿಯನ್ ಮಾಡಿದರು. ಜನ ಕದ್ದು ಮುಚ್ಚಿ ಮನೆಗಳಲ್ಲಿ ಮಕ್ಕಳಿಗೆ ಜರ್ಮನ್ ಕಲಿಸಿದರು. ಈಗ ಅಲ್ಲಿ ಸರ್ಕಾರಿ ಕೆಲಸ ಬೇಕಾದರೆ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ನಮ್ಮ ಬ್ಯಾಂಕುಗಳಲ್ಲಿ...

ಮೇಲ್ವಿಚಾರಕ
ಕಸ್ತೂರಿಯವರೇ, ಬ್ಯಾಂಕಿನ ಚರ್ಚೆಗೆ ಬೇರೆ ಎಳೆ ಇದೆ, 340 ಉತ್ತರ ಆಗಿದೆ. ಇಲ್ಲಿ ಬೇಡ ದಯವಿಟ್ಟು.

ಕಸ್ತೂರಿ_ಕನ್ನಡ
ಆಯ್ತು ಆಯ್ತು.

ಕಾಗೆ_ಕಾಳಣ್ಣ
ವ್ಯಂಗ್ಯಚಿತ್ರ ಇಷ್ಟ ಇದ್ದವರಿಗೆ: ಪೌಲ್ ಫ್ಲೋರಾ ಹುಟ್ಟಿದ್ದು ಈ ಊರಲ್ಲೇ, 1922ರಲ್ಲಿ. ಗೀರು ಗೀರಾಗಿ ಕಪ್ಪು ಶಾಯಿಯಲ್ಲಿ ಕಾಗೆ ಜಾತಿಯ ದೊಡ್ಡ ಹಕ್ಕಿಗಳನ್ನು ಬರೀತಿದ್ದರು. 2009ರಲ್ಲಿ ತೀರಿಕೊಂಡರು, ಸಮಾಧಿಯೂ ಇಲ್ಲೇ. ಕೋಟೆ ಬಾಗಿಲಿನ ಗೋಪುರ ಒಂದರಲ್ಲಿ ಅವರ ಚಿತ್ರ ಇಟ್ಟಿದ್ದಾರೆ. ಹತ್ತೋಕೆ ಮೆಟ್ಟಿಲು. ಅಮ್ಮ ಕೆಳಗೇ ಇರಲಿ.

ಬಸವಳಿದ_ಬ್ಯಾಗು
ಸ್ಟೆಲ್ವಿಯೋ ಬಿಡಬೇಡಿ ಅಂತ ಕೊನೇ ಸಲ ಹೇಳ್ತೀನಿ. 2757 ಮೀಟರ್, ಪ್ರಾಡ್ ಕಡೆಯಿಂದ 48 ಹಿಮ್ಮುರಿ ತಿರುವು, 1820ರ ದಶಕದ ರಸ್ತೆ.

ಮೊಟ್ಟೆ_ಡಿಟೆಕ್ಟಿವ್
ಆಗುಂಬೆ ಘಾಟಿಯ ತಿರುವೇ ತಡೆಯದವರು ನಮ್ಮ ಮನೇಲಿದ್ದಾರೆ. 48ರಲ್ಲಿ 20ನೇ ತಿರುವಿಗೆ ಅತ್ತೆಗೆ ಶುರುವಾಯ್ತು. ತಿರುವುಗಳಿಗೆ ನಂಬರ್ ಬರೆದಿರ್ತಾರೆ, ಅದಕ್ಕೇ ಇಷ್ಟು ಸರಿಯಾಗಿ ನೆನಪಿದೆ.

ತೀರ್ಥಹಳ್ಳಿ_ಟು_ಮ್ಯೂನಿಕ್
ಹೋಗಿ ಬಂದ್ವಿ! ವರದಿ ಕೊಡ್ತೀನಿ.

ಮೊದಲು ದೂರು. ಎರಡನೇ ದಿನ ಮಧ್ಯಾಹ್ನ ನಿಜವಾಗಿಯೂ ಮಾಡೋಕೆ ಏನೂ ಇರಲಿಲ್ಲ. ಬಸವಳಿದವರು ಗೆದ್ದರು ಅಂತ ಅಂದುಕೊಂಡೆ. ಆದರೆ ಅಪ್ಪ ಕಾರಂಜಿ ಪಕ್ಕದ ಬೆಂಚಲ್ಲಿ ಒಬ್ಬರು ಹಿರಿಯರ ಜೊತೆ ಕೂತುಬಿಟ್ಟಿದ್ದರು. ಇವರಿಗೆ ಜರ್ಮನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಅವರು ಕೈಯಲ್ಲಿ ಸೇಬು ಕೀಳೋದು ತೋರಿಸಿದರು, ಅಪ್ಪ ದೋಟಿಯಲ್ಲಿ ಅಡಿಕೆ ಕೊನೆ ಇಳಿಸೋದು ತೋರಿಸಿದರು. ಒಂದೂವರೆ ಗಂಟೆ. ಎದ್ದು ಬಂದು "ಅವರಿಗೂ ಕೆಲಸಕ್ಕೆ ಜನ ಸಿಗಲ್ವಂತೆ" ಅಂದರು. ಹೇಗೆ ತಿಳೀತೋ ದೇವರೇ ಬಲ್ಲ.

ರೆಶೆನ್‌ನಲ್ಲಿ ಅಪ್ಪ ಫೋಟೋಗೆ ನಿಲ್ಲಲಿಲ್ಲ. ಗೋಪುರ ನೋಡಿ ಕೇಳಿದ್ದು ಒಂದೇ: "ಇವರಿಗೆ ಬದಲಿ ಜಮೀನು ಎಲ್ಲಿ ಕೊಟ್ರು?" ಶರಾವತಿಯವರೇ, ನಿಮ್ಮ ನೆನಪಾಯ್ತು.

ಶೂ ಹಾಕಲಿಲ್ಲ ಅಮ್ಮ. ಉರುಟುಕಲ್ಲಿನ ಮೇಲೆ ಗೋಡೆ ಹಿಡ್ಕೊಂಡು ನಡೆದರು. ಬೇಕರಿಯಲ್ಲಿ ಮಾತ್ರ ನಿಂತ ಕಡೆಯೇ ಮೂಗೆತ್ತಿ "ಇದಕ್ಕೆ ಮೆಂತ್ಯ ಹಾಕಿದ್ದಾರೆ ನೋಡು" ಅಂದರು. ನಾನು ಏನೂ ಹೇಳಿರಲಿಲ್ಲ, ಆಣೆಗೂ. ಬೇಕರಿಯವರ ಹತ್ರ ಮೊಟ್ಟೆ ಇಲ್ಲ ಅಂತ ನನ್ನ ಕೈಲಿ ಮೂರು ಸಲ ಕೇಳಿಸಿ ಆರು ಜೋಡಿ ತಗೊಂಡರು. ರೂಮಲ್ಲಿ ಜೋಡೀನ ಮಧ್ಯಕ್ಕೆ ಮುರಿದು, ಅಪ್ಪನಿಗೆ ಒಂದು ತಮಗೊಂದು ಇಟ್ಟುಕೊಂಡು, ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದರು.

ರೊಟ್ಟಿ_ಪ್ರಿಯೆ
ಚಟ್ನಿಪುಡಿ! ನನಗೆ ಹೊಳೆಯಲೇ ಇಲ್ಲವಲ್ಲ. ಇನ್ನೂ ಉಳಿದಿದೆಯಾ?

ತೀರ್ಥಹಳ್ಳಿ_ಟು_ಮ್ಯೂನಿಕ್
ಎರಡು ಉಳಿದಿದೆ, ಕಲ್ಲಾಗಿದೆ. ಅಮ್ಮ ತಿಳಿಸಾರಲ್ಲಿ ನೆನೆಸ್ತಿದ್ದಾರೆ.